ತಾಡಪತ್ರಿಯ ಕೆಳಗಿಂದ

ನಾನು ಎರಡೇ ಸೀಟಿನ, ಮೇಲ್ಛಾವಣಿ ಇಲ್ಲದ ಒಂದು ಸ್ಪೋರ್ಟ್ಸ್ ಕಾರು. ಹುಟ್ಟಿದ್ದು 1953ರಲ್ಲಿ, ಇಂಗ್ಲೆಂಡಿನಲ್ಲಿ. ಮರದ ಚೌಕಟ್ಟಿಗೆ ತಗಡು ಹೊದಿಸಿ ನನ್ನ ಮೈ ಕಟ್ಟಿದರು. ನಾಲ್ಕು ಸಿಲಿಂಡರಿನ ಎಂಜಿನ್ ಕೂಡಿಸಿ, ಕೆಂಪು ಬಣ್ಣ ಬಳಿದು ಹಡಗು ಹತ್ತಿಸಿದರು. ಮುಂಬಯಿಯಲ್ಲಿ ಇಳಿದು ಬೆಳಗಾವಿಯ ಡಾಕ್ಟರ್ ಕಟಗೇರಿಯವರ ಮನೆ ಸೇರಿದೆ. ಬೆಳಗಾವಿ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ನನಗೆ ಸಿಕ್ಕಿದ್ದೂ ಮುಂಬಯಿ ನಂಬರೇ.

ಡಾಕ್ಟರು ನನ್ನನ್ನು ರೋಗಿಗಳ ಮನೆಗೆ ಒಯ್ಯುತ್ತಿರಲಿಲ್ಲ. "ಈ ಕೆಂಪು ಗಾಡಿ ನೋಡಿದ್ರ ಡಾಕ್ಟರ್ ಬಂದ್ರು ಅನ್ನಂಗಿಲ್ಲ, ಸರ್ಕಸ್ ಬಂತು ಅಂತಾರ" ಎಂದು ನಗುತ್ತಿದ್ದರು. ನಾನಿದ್ದದ್ದು ಭಾನುವಾರಗಳಿಗೆ. ಅವರ ಹೆಂಡತಿ ವತ್ಸಲಾಬಾಯಿ ಡ್ರೈವಿಂಗ್ ಕಲಿತದ್ದು ನನ್ನಲ್ಲೇ. ಗೇರು ಬದಲಿಸುವಾಗ ಅವರು ಕೆಳತುಟಿ ಕಚ್ಚಿಕೊಳ್ಳುತ್ತಿದ್ದರು. ಡಾಕ್ಟರು ತೀರಿಕೊಂಡ ಮೇಲೆ ನಾನು ಹಿತ್ತಲ ಶೆಡ್ಡಿನಲ್ಲಿ ನಿಂತೆ. ಟಯರುಗಳು ನೆಲಕಚ್ಚಿದವು. ಮರದ ಚೌಕಟ್ಟಿಗೆ ಗೆದ್ದಲು ಹತ್ತಿತು.

ಕೊಳ್ಳಲು ಬಂದವರಿಗೆಲ್ಲ ವತ್ಸಲಾಬಾಯಿ ಇಲ್ಲವೆಂದರು. ಹುಬ್ಬಳ್ಳಿಯ ನಿವೃತ್ತ ಎಂಜಿನಿಯರ್ ವಿರೂಪಾಕ್ಷ ಹಂಚಿನಾಳ ಮಾತ್ರ ಬೆಲೆಯ ಮಾತು ತೆಗೆಯಲಿಲ್ಲ. ಪ್ಯಾಂಟು ಕೊಳೆಯಾಗುವುದನ್ನೂ ಲೆಕ್ಕಿಸದೆ ನನ್ನ ಕೆಳಗೆ ಮಲಗಿ ಟಾರ್ಚು ಹಾಕಿ ನೋಡಿದರು. ವತ್ಸಲಾಬಾಯಿಗೆ ಅದು ಹಿಡಿಸಿತು.

"ಮಾರೂದಿಲ್ಲ ಇದನ್ನ. ಮತ್ತ ಓಡಿಸ್ತೀನಿ ಅಂದ್ರ ಸುಮ್ಮನ ಒಯ್ಯಿರಿ. ಇದರಾಗ ಇನ್ನೊಮ್ಮೆ ಕೂತು ಗಾಳಿಗೆ ಮುಖ ಒಡ್ಡಬೇಕು ನಾ, ಅಷ್ಟ."

"ಮೊದಲನೇ ಸವಾರಿ ನಿಮ್ಮದ ರೀ, ಬಾಯಾರ. ಇದ ಗಾಡಿ, ಇದ ನಂಬರ್. ಮಾತು ಕೊಟ್ಟೀನಿ."

ನಾನೂ ಆ ಮಾತನ್ನು ನಂಬಿ ಲಾರಿ ಏರಿದೆ.

ವಿರೂಪಾಕ್ಷರ ಮನೆಯ ಗ್ಯಾರೇಜಿನಲ್ಲಿ ನನ್ನದೇ ಮಾದರಿಯ ಇನ್ನೊಂದು ಕಾರು ಆಗಲೇ ನಿಂತಿತ್ತು. ಮೈ ಗಟ್ಟಿ, ಆದರೆ ಎಂಜಿನ್ ಸೀಳಿತ್ತು. ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಇಬ್ಬರು ರೋಗಿಗಳು ಎಂದುಕೊಂಡೆ.

ಅವರದು ಮೆತ್ತಗಿನ ಕೈ. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆ ಹಾಕುತ್ತಿರಲಿಲ್ಲ. ಡೀಸೆಲ್ ಸವರಿ, ಅದು ತಾನಾಗಿ ಸಡಿಲುವವರೆಗೆ ಕಾಯುತ್ತಿದ್ದರು. ಬಿಚ್ಚಿದ್ದನ್ನೆಲ್ಲ ತೊಳೆದು, ಒರೆಸಿ, ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಬಿಚ್ಚುವುದೇ ಚಿಕಿತ್ಸೆ ಎಂದು ನಾನು ತಿಳಿದಿದ್ದೆ.

ಹೆಂಡತಿ ಗಿರಿಜಾ ಚಹಾ ತಂದಾಗಲೆಲ್ಲ ಒಂದು ಚುಚ್ಚುಮಾತು ಖಾಯಂ. "ನನ್ನ ಅಡಗಿಮನಿ ಕಟ್ಟಿ ಒಡದು ಎರಡ ವರ್ಷಾತು, ಅದಕ್ಕ ಒಂದ್ ಬೊಗಸಿ ಸಿಮೆಂಟ್ ಇಲ್ಲ. ಇದಕ್ಕ ನೋಡು, ಸ್ಕ್ರೂ ಸೈತ ಇಂಗ್ಲೆಂಡಿಂದ ಬರ್ತಾವ!"

ನನ್ನ ಎಂಜಿನ್ ಸಿದ್ಧವಾದ ದಿನ ಅದನ್ನು ಸರಪಳಿಗೆ ತೂಗುಹಾಕಿ ತಂದರು. ನನ್ನ ಬಾನೆಟ್ಟು ತೆಗೆದೇ ಇತ್ತು. ಎಂಜಿನ್ ನನ್ನ ಮುಂದೆ ಬಂತು, ನಿಲ್ಲಲಿಲ್ಲ. ಮುಂದೆ ಸಾಗಿ ಆ ಇನ್ನೊಂದು ಕಾರಿನೊಳಗೆ ಇಳಿಯಿತು. ಆಮೇಲೆ ಗೇರ್‌ಬಾಕ್ಸ್ ಹೋಯಿತು. ದೀಪಗಳು ಹೋದವು, ಕಡ್ಡಿಚಕ್ರಗಳು ಹೋದವು. ನನ್ನನ್ನು ಇಟ್ಟಿಗೆಗಳ ಮೇಲೆ ಕೂರಿಸಿದರು. ಕೊನೆಗೆ ನಂಬರ್ ಪ್ಲೇಟನ್ನೂ ಬಿಚ್ಚಿದರು.

ಗಿರಿಜಾ ಚಹಾದ ಕಪ್ಪು ಹಿಡಿದು ನಿಂತೇ ಇದ್ದರು. "ಬಾಯಾರಿಗೆ ಹೇಳೀರೇನು?"

"ಅವರ ಗಾಡೀದು ಮೈ ಪೂರಾ ಒರಲಿ ತಿಂದೈತಿ. ಹಂಗಂದ್ರ ವಾಪಸ್ ಕೇಳ್ತಾರ. ಎಂಜಿನ್ ಅವರದ, ನಂಬರ್ ಅವರದ. ಮತ್ತೇನ ಬೇಕು?"

"ಹಂಗಾದ್ರ ಹೇಳಾಕೇನ ಹೆದರಿಕಿ?"

ವಿರೂಪಾಕ್ಷರು ಪ್ಲೇಟು ಒರೆಸತೊಡಗಿದರು.

ಗೆದ್ದಲು ತಿಂದದ್ದು ನಿಜ. 'ನನ್ನ ಕೈಯಲ್ಲಿ ಆಗುವುದಿಲ್ಲ' ಎಂದು ವಿರೂಪಾಕ್ಷರು ಬೆಳಗಾವಿಯಲ್ಲೇ ಅಂದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಶೆಡ್ಡಿನಲ್ಲೇ ಮಣ್ಣಾಗುತ್ತಿದ್ದೆ, ವತ್ಸಲಾಬಾಯಿಯ ಕಾರಾಗಿಯೇ.

ಆಯುಧಪೂಜೆಯ ದಿನ ನನ್ನ ಮೇಲೆ ಲಾರಿಗೆ ಕಟ್ಟುವಂಥ ದಪ್ಪ ತಾಡಪತ್ರಿ ಹೊದಿಸಿದರು. ಅದರ ಒಂದು ಹರಕಿನಿಂದ ಎಲ್ಲ ಕಂಡಿತು. ವತ್ಸಲಾಬಾಯಿ ಬಂದರು. ಬೆನ್ನು ಬಾಗಿತ್ತು, ಕೈಯಲ್ಲಿ ಕೋಲಿತ್ತು. ನನ್ನಂತೆಯೇ ಕೆಂಪು ಬಳಿಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತ ಆ ಇನ್ನೊಂದು ಕಾರಿನ ಮೇಲೆ ನನ್ನ ನಂಬರನ್ನು ಬೆರಳಿಟ್ಟು ಓದಿದರು. ಕಣ್ಣೊರೆಸಿಕೊಂಡರು. ಚಕ್ರದಡಿಯ ನಿಂಬೆಹಣ್ಣು ಚಪ್ಪಟೆಯಾಯಿತು, ಕಾರು ಹೊರಬಿತ್ತು. ಕೇಳುತ್ತಿದ್ದುದು ನನ್ನ ಎಂಜಿನ್ನಿನ ಸದ್ದು. ಬೀದಿಯ ತಿರುವಿನವರೆಗೂ ಕೇಳಿಸಿತು.

ಮರಳಿದಾಗ ವತ್ಸಲಾಬಾಯಿಯ ಕೂದಲು ಕೆದರಿತ್ತು. "ಹಂಗ ಅದ ನೋಡ್ರಿ, ಏನೂ ಬದಲಾಗಿಲ್ಲ!" ಎಂದು ಎಳೆ ಹುಡುಗಿಯಂತೆ ನಕ್ಕರು. ಏದುಸಿರು ತಡೆಯಲು ಆಸರೆ ಬೇಕಾಗಿ ತಾಡಪತ್ರಿಯ ಮೇಲೆ ಕೈಯೂರಿದರು. ಆ ಕೈ ನನಗೆ ಗೊತ್ತು. ಬಾಯಿ ಮಾತ್ರ ನನಗಿಲ್ಲ.

"ಇದೇನ್ರಿ, ಇದರ ಕೆಳಗ?"

"ಅದಾ? ಗುಜರಿ ರೀ, ಬಾಯಾರ. ಬಿಡಿಭಾಗಕ್ಕಂತ ಇಟ್ಟಿದ್ದೆ."

"ಅಯ್ಯ, ಪಾಪ. ಇದೂ ಗಾಡೀನ ಏನು?" ಅವರು ಮೆಲ್ಲಗೆ ತಟ್ಟಿದರು. "ಹಿಂಗ ಮಾಡೀರಿ ಅಂತ ಇದರ ಮನಿಯವರಿಗೆ ಗೊತ್ತದನು?"

ಗಿರಿಜಾ ತಟ್ಟನೆ ಒಳಗೆ ಹೋದರು. ವಿರೂಪಾಕ್ಷರು ಮಾಲೆ ಸರಿಪಡಿಸುತ್ತಾ ಅಂದರು: "ಅವರ ಕೈಯಾರ ಕೊಟ್ಟಾರ್ರಿ."

ವತ್ಸಲಾಬಾಯಿ ಕೈ ತೆಗೆದರು. "ಎಂಥಾ ಮಂದಿ ಇರ್ತಾರಪಾ" ಎಂದು ಕೋಲೂರಿಕೊಂಡು ಫೋಟೋಗೆ ನಿಲ್ಲಲು ಹೋದರು.

ಇಂದಿಗೂ ನಾನು ಇದೇ ಮೂಲೆಯಲ್ಲಿದ್ದೇನೆ. ಗೆದ್ದಲು ತನ್ನ ಕೆಲಸ ಮುಂದುವರಿಸಿದೆ. ವತ್ಸಲಾಬಾಯಿಗೆ ಸವಾರಿ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ನನ್ನನ್ನು ಬಿಟ್ಟುಕೊಟ್ಟವರ ಮೇಲೆ ಅವರಿಗೆ ಅಂದು ಸಿಟ್ಟು ಬಂದಿತ್ತು. ನನ್ನ ಪರವಾಗಿ ಅಲ್ಲಿ ಸಿಟ್ಟಾದವರು ಅವರೊಬ್ಬರೇ.