ಇಲ್ಲದ ಬಳೆ

ಎಸರಿನ ಆವಿ ಕನ್ನಡಕದ ಮೇಲೆ ಕೂತು ಎಲ್ಲ ಮಸುಕು, ಮುನ್ನಿಬೀಯವರ ಕೈ ಮಾತ್ರ ಕಾಣುತ್ತದೆ, ಹಿಟ್ಟಿನ ನಡುವಿನ ಗುಂಡಿಗೆ ಕುದಿನೀರು ಸುರಿಯುವ ಕೈ, ಜ್ವಾಳದಾಗ ಜಿಗಿ ಇರಂಗಿಲ್ಲ ದುಲ್ಹನ್, ಬಿಸಿನೀರ ಕೊಡಬೇಕು ಅದಕ್ಕ ಜಿಗಿ — ಗೊತ್ತು, ಜೋಳದಲ್ಲಿ ಗ್ಲುಟೆನ್ ಇಲ್ಲ, ಪಿಷ್ಟ ಬಿಸಿಗೆ ಉಬ್ಬಿ ಅಂಟಾಗುತ್ತದೆ, ಬಿಎಸ್ಸಿಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು, ಆದರೂ ನನ್ನ ರೊಟ್ಟಿಯ ಅಂಚು ಸೀಳುತ್ತದೆ, ಮುನ್ನಿಬೀ ನಗುತ್ತಾರೆ, ಭಾಲ್ಕಿ ಹುಡಗಿಗಿ ರೊಟ್ಟಿ ಬರಂಗಿಲ್ಲಂದ್ರ ಅತ್ತಿ ಮನ್ಯಾಗ ಏನ್ ತಟ್ತಿ ಬೇಟಾ, ಚಪ್ಪಾಳಿ? ನಾನೂ ನಗುತ್ತೇನೆ, ನಮ್ಮ ಮನೆಯಲ್ಲಿ ಓದು ನನ್ನ ಪಾಲಿಗೆ ಬಂತು, ರೊಟ್ಟಿ ಸೋನಾಲಿ ಅಕ್ಕನ ಪಾಲಿಗೆ, ಅವಳೂ ಓದಿದಳು, ಟೀಚರೂ ಆದಳು, ಆದರೂ ರೊಟ್ಟಿ ಅವಳದೇ. ಹನಿಮೂನಿಗೆಂದು ಬೀದರಕ್ಕೆ ಬಂದವರು ನಾವಿಬ್ಬರೇ ಇರಬೇಕು, ಗಂಡನ ಊರು ಔರಾದದಿಂದ ಒಂದು ಬಸ್ಸಿನ ದೂರ, ಊಟಿಗೆ ಹೋಗುವಷ್ಟು ರಜೆ ಇವರಿಗೆ ಸಿಗಲಿಲ್ಲ, ನೌಬಾದಿನ ಈ ಮನೆಯನ್ನು ಹುಡುಕಿದ್ದು ಇವರೇ, ನನ್ನ ಗಂಡ ರವಿಕಿರಣ, ಕೋಟೆ ನೋಡಲು ಹೈದರಾಬಾದಿನಿಂದ ಬರುವವರಿಗೆ ಇಲ್ಲಿ ಕೋಣೆ ಕೊಡುತ್ತಾರೆ, ಮಧ್ಯಾಹ್ನ ಮುನ್ನಿಬೀ ಅಡುಗೆ ಕಲಿಸುತ್ತಾರೆ, ಜೋಡಿಲೆ ಕಲಿಯೋಣು ಶೀತಲ, ನನಗೂ ಚಹಾ ಬಿಟ್ರ ಏನೂ ಬರಂಗಿಲ್ಲ, ಅಂದಿದ್ದರು ಇವರು — ಎಷ್ಟು ಹಿಗ್ಗಿದ್ದೆ, ಹಿಟ್ಟಿಗೆ ಕೈ ಹಾಕುತ್ತೇನೆನ್ನುವ ಗಂಡ, ಗೆಳತಿಯರಿಗೆಲ್ಲ ಹೇಳಿಕೊಂಡೆ, ಅಕ್ಕನಿಗೆ ಎಲ್ಲರಿಗಿಂತ ಮೊದಲು ಹೇಳಿದೆ, ಆಕೆ ಫೋನಿನಲ್ಲಿ, ಚಲೋ ಆತು ಬಿಡು ಅಂದಳು.

ಮುನ್ನಿಬೀ ಹಿಟ್ಟಿನ ಪರಾತವನ್ನು ಇವರತ್ತ ದೂಡುತ್ತಾರೆ, ಆವೋ ದೂಲ್ಹೇಮಿಯಾ, ಹಂಚು ಕಾದದ, ಈಗ ನಿಮ್ಮ ಬಾರಿ, ಹೆಂಡ್ತಿ ಮಾನ ನೀವರೆ ಉಳಸ್ರಿ. ಇವರು ಕೈಗಡಿಯಾರ ಬಿಚ್ಚಿ ಕಿಟಕಿಯಲ್ಲಿಡುತ್ತಾರೆ, ಉಂಡೆ ಹಿಡಿಯುತ್ತಾರೆ, ಬಲಗೈಯಿಂದ ಎಡ ಮಣಿಕಟ್ಟಿನ ಮೇಲೆ ಏನನ್ನೋ ಮೊಳಕೈವರೆಗೆ ಸರಿಸುತ್ತಾರೆ, ಆಮೇಲೆ ಎಡಗೈ ಬೀಳುತ್ತದೆ ಹಿಟ್ಟಿನ ಮೇಲೆ, ಪಟ ಪಟ ಪಟ, ರೊಟ್ಟಿ ತಾನಾಗಿ ತಿರುಗುತ್ತ ತೆಳ್ಳಗಾಗುತ್ತದೆ, ಒಂದು ಬಿರುಕಿಲ್ಲ. ಅರೆ ವಾಹ್, ಡಾವ್ರಾ ಕೈಲೆ, ಎಡಗೈಲೆ! ಯಾರ್ ಕಲಿಸ್ಯಾರ್ರಿ? ಯಾರೂ ಇಲ್ಲರಿ, ಹಂಗ ಬಂತು. ಹಂಗೆ ಬಂತು — ಬಲಗೈಯಿಂದ ಬರೆಯುವವರು, ಬಲಗೈಯಿಂದ ಉಣ್ಣುವವರು, ರೊಟ್ಟಿಗೆ ಮಾತ್ರ ಎಡಗೈ ಹೇಗೆ ಬರುತ್ತದೆ, ಮತ್ತು ಆ ಸರಿಸಿದ್ದು ಏನು, ಮಣಿಕಟ್ಟಿನ ಮೇಲೆ ಏನೂ ಇಲ್ಲ, ಗಡಿಯಾರವೂ ಕಿಟಕಿಯಲ್ಲಿದೆ. ಎರಡನೆಯ ಉಂಡೆ, ಮತ್ತೆ ಅದೇ, ಬಲಗೈ ಎಡ ಮಣಿಕಟ್ಟಿಗೆ ಹೋಗುತ್ತದೆ, ಇಲ್ಲದ್ದನ್ನು ಮೇಲಕ್ಕೆ ಸರಿಸುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಸರ್ ಬ್ಯುರೆಟ್ಟಿನ ಗಾಜಿನ ಕೊಳವೆಗೆ ಉಗುರಿನಿಂದ ಟಕ್ಕೆಂದು ಹೊಡೆದೇ ದ್ರಾವಣ ಬಿಡುತ್ತಿದ್ದರು, ನಾವೆಲ್ಲ ಹಾಗೇ ಹೊಡೆದೆವು, ಯಾಕೆಂದು ಒಬ್ಬರಿಗೂ ಗೊತ್ತಿರಲಿಲ್ಲ, ನೋಡಿ ಕಲಿತವರ ಕೈ ಬೇಕಾದ್ದನ್ನಷ್ಟೇ ಕಲಿಯುವುದಿಲ್ಲ. ಅತ್ತೆಯಿಂದ ಬಂದಿರಬಹುದೇ — ಇಲ್ಲ, ಅತ್ತೆ ಬಲಗೈಯವರು, ಔರಾದದ ಮನೆಯಲ್ಲಿ ಪಕ್ಕದಲ್ಲೇ ಕೂತು ನೋಡಿದ್ದೇನೆ, ಅವರ ಬಳೆ ಬಿಗಿ, ಸರಿಯುವುದಿಲ್ಲ. ಸರಿಯುವುದು ಸಡಿಲ ಬಳೆ, ಹಸಿರು ಗಾಜಿನದು, ಹಿಟ್ಟಿಗೆ ಜಾರುತ್ತದೆ, ಅದಕ್ಕೇ ಪ್ರತಿ ಉಂಡೆಗೂ ಮೊದಲು ಮೊಳಕೈಗೆ ಸರಿಸಬೇಕು, ಎಡಗೈಲೆ ರೊಟ್ಟಿ ತಟ್ಟಬ್ಯಾಡ ಸೋನಿ, ನಾಳಿ ಗಂಡನ ಮನ್ಯಾಗ ನನಗ ಬೈತಾರ, ಅಂತ ಅವ್ವ ದಿನಾ ಕೂಗುತ್ತಿದ್ದಳು, ಅಕ್ಕ ನಗುತ್ತ ಬಳೆ ಸರಿಸಿ ಮತ್ತೆ ಎಡಗೈಯನ್ನೇ ಎತ್ತುತ್ತಿದ್ದಳು.

ಅಕ್ಕ ಔರಾದದ ಸಾಲೆಯಲ್ಲಿ ಟೀಚರಾಗಿದ್ದಳು, ಒಬ್ಬಳೇ ಒಂದು ಕೋಣೆ ಹಿಡಿದು, ನಾವು ಎಷ್ಟು ಕರೆದರೂ ಭಾನುವಾರ ಊರಿಗೆ ಬರುತ್ತಿರಲಿಲ್ಲ, ಪೇಪರ್ ತಿದ್ದೋದದ ಅವ್ವ. ತೊಟ್ಟಿಲಲ್ಲಿದ್ದಾಗಲೇ ಸೋದರಮಾವನ ಮಗ ಕುಣಾಲನಿಗೆಂದು ಆಡಿದ ಮಾತು, ಆ ಮಾತಿಗೆ ಕೆಲಸ ಬಿಟ್ಟು ಭಾಲ್ಕಿಗೆ ಬಂದು ತಾಳಿಗೆ ತಲೆ ಬಗ್ಗಿಸಿದಳು, ಅತ್ತಳು, ತವರು ಬಿಡುವ ಅಳು ಎಂದುಕೊಂಡೆವು, ತವರು ಎರಡು ಓಣಿ ಆಚೆಗಿತ್ತು. ಆಮೇಲೆ ಈ ಸಂಬಂಧ ತಂದವಳೂ ಅವಳೇ, ನನಗ ಅವರ ಪರಿಚಯ ಇಲ್ಲ ಶೀತೂ, ಮಂದಿ ಚಲೋ ಅಂತಾರ, ಮಾಡ್ಕೋ. ನೋಡಲು ಬಂದ ದಿನ ಇವರು ಚಹಾದ ಕಪ್ಪು ತೆಗೆದುಕೊಳ್ಳುತ್ತ ಅಕ್ಕನನ್ನು ಕೇಳಿದರು, ನೀವು ದೊಡ್ಡಾಕಿ ಏನ್ರಿ? ಹೌದ್ರಿ, ಅಂದಳು ಅಕ್ಕ, ಕಪ್ಪು ಕೈ ಬದಲಾಯಿತು, ಒಂದು ಹನಿ ಚೆಲ್ಲಲಿಲ್ಲ. ಪ್ರತಿ ಪಂಚಮಿಗೆ, ಪ್ರತಿ ದೀಪಾವಳಿಗೆ ನಮ್ಮ ಮನೆಗೆ ಬರಲು ಅವನಿಗೊಂದು ಕಾರಣ ಬೇಕಿತ್ತು, ಆ ಕಾರಣ ನಾನು. ನೋಡು, ಇವರು ಹೋಗಿ ಅವನು ಬಂದ, ಗಂಡನನ್ನು ಏಕವಚನದಲ್ಲಿ ನೆನೆಯಲು ಎಷ್ಟು ಸಲೀಸು.

ಇನ್ನೊಂದು ತಟ್ರಿ, ವಿಡಿಯೋ ಮಾಡ್ತೇನಿ. ಛೇ, ಯಾಕ? ತಟ್ರಿ, ನನ್ನ ಗಂಡ ಎಷ್ಟು ಶಾಣ್ಯಾ ಅಂತ ಮಂದಿಗಿ ಗೊತ್ತಾಗಲಿ. ಅವನು ನಕ್ಕ, ಪಾಪ, ಹಿಗ್ಗಿ ನಕ್ಕ, ಮಣಿಕಟ್ಟು ಸವರಿದ, ತಟ್ಟಿದ, ಎಲ್ಲ ಬಂತು ಫೋನಿನಲ್ಲಿ, ಬೆಳಕೂ ಚೆನ್ನಾಗಿತ್ತು, ಒತ್ತಿದೆ, ಹೋಯಿತು, ನೀಲಿ ಗೆರೆ ಬಂತು, ಅಕ್ಕ ಏನೋ ಬರೆಯುತ್ತಿದ್ದಾಳೆ, ನಿಂತಳು, ಬರೆಯುತ್ತಿದ್ದಾಳೆ, ನಿಂತಳು. ಯಾರಿಗಿ ಕಳಿಸ್ದಿ? ಸೋನಾಲಿ ಅಕ್ಕಗರಿ. ಕೈ ಹಿಟ್ಟಿನ ಮೇಲೆ ನಿಂತಿತು, ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂತು, ಮುನ್ನಿಬೀ ಬಾಯಿ ಮಾಡಿದರು, ತಿರುವ್ರಿ, ಖಯಾಲ್ ಎಲ್ಲದ ನಿಮ್ದು? ಅವನು ಹೊಸ ಉಂಡೆ ಹಿಡಿದ, ಈಗ ಬಲಗೈಯಿಂದ ತಟ್ಟಿದ, ರೊಟ್ಟಿ ಎರಡು ಹೋಳಾಯಿತು. ದುಲ್ಹನ್‌ದು ನಜರ್ ಬಿತ್ತು ನೋಡ್ರಿ! ನಾನು ಮುನ್ನಿಬೀಗಿಂತ ಜೋರಾಗಿ ನಕ್ಕೆ. ಸಾಕು ಶೀತಲ, ಹೊಗಿ ಕಣ್ಣಾಗ ಬರ್ಲತ್ತದ. ಇಲ್ಲರಿ, ಇನ್ನೊಂದು. ಏನೂ ಕೇಳುವುದಿಲ್ಲ ನಾನು, ಕೇಳಿದರೆ ಹೇಳಿ ಹಗುರಾಗುತ್ತಾನೆ, ಬರುವ ಪಂಚಮಿಗೆ ಭಾಲ್ಕಿಯ ಅಡುಗೆಮನೆಯಲ್ಲಿ ಇಬ್ಬರನ್ನೂ ಒಂದೇ ಒಲೆಯ ಮುಂದೆ ಕೂಡಿಸಬೇಕು, ಅವ್ವ ನೋಡಲಿ, ಕುಣಾಲ ಭಾವ ನೋಡಲಿ, ತಟ್ರಿ ಇಬ್ಬರೂ, ಪ್ರತಿ ವರ್ಷ ತಟ್ರಿ — ಇನ್ನೊಂದು, ಅಂದೆನಲ್ಲ, ಅವನು ನನ್ನನ್ನು ನೋಡದೆ ಉಂಡೆ ಎತ್ತುತ್ತಾನೆ, ಯಾವ ಕೈ ಎಂದು ಯೋಚಿಸುತ್ತಾನೆ, ಆ ಯೋಚನೆ ಮುಗಿಯುವ ಮೊದಲೇ ಬಲಗೈ ಹೊರಟುಬಿಟ್ಟಿದೆ, ಬರಿಯ ಮಣಿಕಟ್ಟಿನ ಮೇಲೆ ಬಂದು ನಿಂತಿದೆ, ಎರಡು ಬೆರಳು, ಹಸಿರು ಬಳೆ ಇರಬೇಕಾದ ಜಾಗ, ಎರಡು ಬೆರಳು —