ಕೋಲಾಟದ ಮಹಾದೇವಕ್ಕ

ಅಕ್ಕಿಆಲೂರಿನ ಪರಮೇಶಪ್ಪನವರ ಹೆಂಡತಿ ಮಹಾದೇವಕ್ಕನಿಗೆ ಸಕ್ಕರೆ ರೋಗ. ಗುಳಿಗೆ ನುಂಗಬೇಕು, ದಿನಾ ನಡೆಯಬೇಕು ಎಂದರು ಡಾಕ್ಟರರು. ಗುಳಿಗೆ ಸುಲಭ. ನಡೆಯುವುದು ಹೇಗೆ? ದೊಡ್ಡ ಮನೆಯ ಸೊಸೆ ಕೆಲಸವಿಲ್ಲದೆ ಬೀದಿಯಲ್ಲಿ ತಿರುಗುವುದುಂಟೇ? ಅದಕ್ಕೇ ಆಕೆ ನೀರಿನ ನೆಪ ಮಾಡಿ, ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಹೊರಟಳು.

ವಾರ ಕಳೆಯುವುದರೊಳಗೆ ಅಕ್ಕಿ ಗಿರಣಿಯ ಕಟ್ಟೆಯಿಂದ ಉಳವಪ್ಪ ಕೂಗಿದ: "ಅಕ್ಕಾರ, ನಿಮ್ಮ ಮನ್ಯಾಗ ನಳ ಐತೆಲ್ರಿ! ಕೊಡಕ್ಕ ಊರು ತೋರ್ಸಾಕ ಹೊಂಟೀರೇನು?"

ಕಟ್ಟೆಯೆಲ್ಲ ನಕ್ಕಿತು. ಮಹಾದೇವಕ್ಕ ನಡೆಯುವುದನ್ನೇ ಬಿಟ್ಟಳು. ವರ್ಷ ತುಂಬುವುದರೊಳಗೆ ಕಾಲಿನ ಕಿರುಬೆರಳಿಗೆ ಹುಣ್ಣಾಯಿತು, ಮಾಯಲಿಲ್ಲ. ಹುಬ್ಬಳ್ಳಿಯಲ್ಲಿ ಬೆರಳು ತೆಗೆದರು. ಆಗ ಕಟ್ಟೆಯ ಮೇಲೆ ಯಾರೂ ನಗಲಿಲ್ಲ.

ಗಾಯ ಪೂರ್ತಿ ಮಾಯ್ದ ಮೇಲೆ ನರ್ಸಬಾಯಿ ಸುಮನ್ ಮನೆಗೆ ಬಂದಳು.

"ಇನ್ನರ ನಡೀತೀರೋ ಇಲ್ಲೋ? ಉಳದ ಬೆರಳು ಬೇಕೋ ಬ್ಯಾಡೋ?"

"ಬೇಕ್ರಿ ಬಾಯಾರ. ಆದ್ರ ಹೊರಗ ಕಾಲಿಟ್ರ, ನಾ ರೋಗಿ ಅಂತ ಊರಿಗೆಲ್ಲಾ ಡಂಗುರ ಹೊಡದಂಗ ಅನಸ್ತೈತಿ."

"ರೋಗ ಬರೂಕಿಂತ ಮೊದಲ ನೀವು ಯಾರಿದ್ರಿ?"

"ತವರುಮನಿ ರಟ್ಟೀಹಳ್ಳ್ಯಾಗ ಕೋಲಾಟಕ್ಕ ನಾನ ಮುಂದ ಇದ್ದೆ. ಆಡಾಕ ನಿಂತ್ರ ಹೊತ್ತು ಮುಣಗಿದ್ದು ಗೊತ್ತಾಗ್ತಿದ್ದಿಲ್ಲ." ಹೇಳುವಾಗ ಮಹಾದೇವಕ್ಕನ ಮುಖ ಬೇರೆಯೇ ಆಗಿತ್ತು.

"ಅದನ್ನ ಆಡ್ರಿ. ಡಾಕ್ಟರ್‌ನ ಮೊದಲ ಕೇಳೇನಿ, ನಡಿಗಿ ಬದ್ಲಿ ಆಟಾನೂ ಆದೀತಂತ. ಚಪ್ಪಲಿ ಹಾಕ್ಕೊಂಡು ಮೆಲ್ಲಕ ಸುರು ಮಾಡ್ರಿ. ಆಟ ಮುಗದ ಕೂಡ್ಲೆ ಗಾಯ ಆಗೇತೇನಂತ ಕಾಲು ನೋಡ್ಕೋರಿ."

ಅತ್ತೆ ಸರೋಜವ್ವ ಒಳಗಿನಿಂದ ಬಂದರು. "ಮಕ್ಕಳು ಮದುವಿಗೆ ಬಂದಾವ, ಈಕಿ ಕುಣೀಬೇಕಂತ! ಮಂದಿ ಏನಂದಾರು?"

ಎಂದೂ ಎದುರಾಡದ ಮಹಾದೇವಕ್ಕ ಕಾಲು ಮುಂದೆ ಚಾಚಿದಳು. "ಮಂದಿಗಂಜಿ ಒಂದು ಬೆರಳು ಕೊಟ್ಟೇನ್ರಿ ಅತ್ತೀ. ಇನ್ನ ಯಾವುದು ಕೊಡ್ಲಿ?"

ಸರೋಜವ್ವ ಆ ಕಾಲು ನೋಡಿ ಒಳಗೆ ಹೋದರು.

ಮರುದಿನ ಹಿತ್ತಿಲಲ್ಲಿ ಕೋಲಾಟಕ್ಕೆ ಓಣಿಯ ಹೆಣ್ಣುಮಕ್ಕಳು ಸೇರಿದರು. ಹೆಜ್ಜೆ ತಪ್ಪಿದಾಗಲೆಲ್ಲ ಬಾಗಿಲಿನಿಂದ ಸರೋಜವ್ವನ ಬೈಗುಳ: "ಥೂ, ಎಡಗೈ ಮ್ಯಾಲ ಎತ್ರವ್ವಾ!"

"ಅತ್ತೀ, ನಿಮಗೂ ಬರ್ತೈತೇನ್ರಿ?"

"ಬರ್ತಿತ್ತು. ಈ ಮನಿಗೆ ಬಂದ ದಿನಾನ ನನ್ನ ಕೋಲು ಒಲಿಗೆ ಹಾಕಿದ್ರು."

ಬಡಗಿಗೆ ಹೇಳಿ ಹೊಸ ಕೋಲು ಮಾಡಿಸಿದವರೂ ಅವರೇ.

ರೋಗಿಯೆಂದು ನಡೆದ ಮಹಾದೇವಕ್ಕ ವಾರದಲ್ಲೇ ಬಿಟ್ಟಿದ್ದಳು. ಕೋಲಾಟದವಳಾಗಿ ಆಡುವ ಮಹಾದೇವಕ್ಕ ಇಂದಿಗೂ ಬಿಟ್ಟಿಲ್ಲ. ಗುಳಿಗೆಯ ಜೊತೆಗೆ ಆಟವೂ ಸೇರಿ ಸಕ್ಕರೆ ಹತೋಟಿಗೆ ಬಂದಿದೆ.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹೆಂಗಸು ಹುಡುಗಿಯಾಗಿದ್ದಾಗ ಏನಾಡುತ್ತಿದ್ದಳು? ಗೊತ್ತಿಲ್ಲವೇ? ಇಂದೇ ಕೇಳಿ. "ಮರ್ತೇನಿ" ಎಂದರೆ ನಂಬಬೇಡಿ. ಅಂಗಳ ಬಿಟ್ಟುಕೊಡಿ.