ಉಲಿಯಕ್ಕಿ ತಡವಾಗಿ ಬಂದ ವರ್ಷಗಳು

ಸೀಸೆಗಳಿಗೆ ಚೀಟಿ ಅಂಟಿಸುವ ಹೊತ್ತಿನಲ್ಲಿ ಅವಳು ಯಾರ ಫೋನನ್ನೂ ಎತ್ತುವುದಿಲ್ಲ. ಬೇರೆ ಬೇರೆ ಬೀದಿಗಳ ನಲ್ಲಿಯಿಂದ ಪ್ರಯೋಗಾಲಯಕ್ಕೆ ಬಂದ ನೀರು ನೋಡಲು ಎಲ್ಲ ಒಂದೇ ಥರ. ಚೀಟಿ ಅದಲುಬದಲಾದರೆ ಒಂದು ಬೀದಿಯ ಕೊಳಕು ಇನ್ನೊಂದು ಬೀದಿಯ ತಲೆಗೆ ಬರುತ್ತದೆ. ಆದರೆ ಅಂದು ಕರೆದದ್ದು ಪಕ್ಷಿ ದಾಖಲೆಗಳ ಕಚೇರಿ. ಕೈ ಒರೆಸಿಕೊಂಡು ಎತ್ತಿದಳು.

ಊರಿನ ಪಕ್ಷಿವೀಕ್ಷಕರ ಬಳಗದವರು ಪ್ರತಿ ಋತುವಿನಲ್ಲಿ ತಾವು ಕಂಡದ್ದನ್ನೂ ಕೇಳಿದ್ದನ್ನೂ ಅವಳಿಗೆ ಕಳಿಸುತ್ತಾರೆ. ಅವಳು ಪರಿಶೀಲಿಸಿ, ಅನುಮಾನ ಬಂದದ್ದನ್ನು ಬದಿಗಿಟ್ಟು, ಉಳಿದದ್ದನ್ನು ವರದಿ ಮಾಡಿ ಕಚೇರಿಗೆ ಕಳಿಸುತ್ತಾಳೆ. ಇಡೀ ಪ್ರದೇಶದ ದಾಖಲೆಗೆ ಅದು ಸೇರುತ್ತದೆ. ಸಂಬಳವಿಲ್ಲದ ಕೆಲಸ. ಗಂಡನ ಪ್ರಕಾರ ರಜೆಯೂ ಇಲ್ಲದ ಕೆಲಸ.

“ಒಂದು ಸಣ್ಣ ಗೊಂದಲ ಮೇಡಂ,” ಎಂದಳು ಕಚೇರಿಯ ಸಂಶೋಧಕಿ. “ಎಲೆ ಉಲಿಯಕ್ಕಿ ನಿಮ್ಮಲ್ಲಿಗೆ ವರ್ಷದಿಂದ ವರ್ಷಕ್ಕೆ ತಡವಾಗಿ ಬರ್ತಿದೆ. ಅಕ್ಕಪಕ್ಕದ ಊರುಗಳಲ್ಲೆಲ್ಲ ಎಂದಿನ ಹೊತ್ತಿಗೇ ಬರುತ್ತೆ. ನಿಮ್ಮೂರಿನ ಮೇಲೆ ಮಾತ್ರ ಯಾಕೆ ಅದಕ್ಕೆ ಮುನಿಸು?”

“ದೊಡ್ಡ ರಸ್ತೆಯ ಮರಗಳನ್ನ ಕಡಿದುಬಿಟ್ರು. ಅದಿರಬಹುದು.”

“ನಾವೂ ಹಾಗೇ ಅಂದ್ಕೊಂಡಿದ್ದೀವಿ. ಈ ಸಲ ಅದನ್ನೇ ಬರೀತೀವಿ. ಅದಕ್ಕೆ ಮುಂಚೆ ಒಂದ್ಸಲ ನೋಡಿ ಹೇಳ್ತೀರಾ?”

ಎಲೆ ಉಲಿಯಕ್ಕಿ ಚಳಿಗಾಲ ಕಳೆಯಲು ದೂರದಿಂದ ಬರುವ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣ ಹಕ್ಕಿ. ಎಲೆಯದೇ ಬಣ್ಣ, ಎಲೆಗಳ ನಡುವೆಯೇ ಓಡಾಟ. ಕಣ್ಣಿಗೆ ಬೀಳುವ ಮೊದಲು ಅದರ ದನಿ ಸಿಗುತ್ತದೆ: ಸೂಜಿಯಿಂದ ಚುಚ್ಚಿದಂಥ ಸಣ್ಣ, ಚೂಪಾದ ದನಿ. ಹೀಗಾಗಿ ಅದು ಬಂದ ಸುದ್ದಿ ಮೊದಲು ತಿಳಿಯುವುದು ಕಿವಿಗೆ. ಆ ಊರಿನಲ್ಲಿ ಕಿವಿ ಎಂದರೆ ಅವಳ ಮಾವನ ಕಿವಿ.

ಮಾವ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಮನೆಯ ಕೆಳಗೇ ಅಂಗಡಿ. ಯಂತ್ರ ಬಿಚ್ಚುವ ಮೊದಲು ಚಕ್ರವನ್ನು ಒಮ್ಮೆ ತಿರುಗಿಸಿ, ತಲೆ ವಾಲಿಸಿ ಕೇಳಿ, ಎಲ್ಲಿ ಸವೆದಿದೆ ಎಂದು ಹೇಳಿಬಿಡುತ್ತಾರೆ. ಹೇಳಿದ್ದನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಕಟ್ಟುತ್ತಾರೆ. ಬಳಗದವರಿಗೆ ಹಕ್ಕಿಗಳ ದನಿ ಕಲಿಸಿದವರೂ ಅವರೇ. ಎಲ್ಲರೂ ಅವರನ್ನು ಕರೆಯುವುದು ‘ಕಿವಿ ಯಜಮಾನರು’ ಎಂದು. ಉಲಿಯಕ್ಕಿ ಬಂತು ಎಂಬ ಸುದ್ದಿ ಪ್ರತಿ ವರ್ಷ ಅವರಿಂದಲೇ ಬರುತ್ತದೆ. ಚಳಿಗಾಲದ ವರದಿಯ ಮೊದಲ ಸಾಲು ಅದೇ. ಮಾವ ದಿನಾ ಬೆಳಗ್ಗೆ ಉದ್ಯಾನಕ್ಕೆ ಹೋಗುವುದು ಆ ಸಾಲಿಗಾಗಿ. ಮಂಡಿನೋವಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ ಎಂಬುದು ಬರೀ ನೆಪ.

ಆ ಭಾನುವಾರ ಬಳಗದವರು ಉದ್ಯಾನದಲ್ಲಿ ಸೇರಿದ್ದಾಗ ಅವಳು ನರ್ಸಮ್ಮನನ್ನು ಪಕ್ಕಕ್ಕೆ ಕರೆದಳು. ನರ್ಸಮ್ಮನ ಆಸ್ಪತ್ರೆಯ ಹಿಂದೆ ದೊಡ್ಡ ಮರಗಳಿವೆ.

“ಈ ವರ್ಷ ನಿನಗೆ ಉಲಿಯಕ್ಕಿ ಮೊದಲು ಕೇಳಿಸಿದ್ದು ಯಾವಾಗ?”

“ಯಜಮಾನರು ಹೇಳಿದ ಮಾರನೇ ದಿನ ಅಕ್ಕ. ಕಳಿಸಿದ್ನಲ್ಲ.”

“ಅದಕ್ಕೂ ಮುಂಚೆ ಕೇಳಿಸಿರಲಿಲ್ವಾ?”

ನರ್ಸಮ್ಮ ಯಜಮಾನರ ಕಡೆ ಕಳ್ಳನೋಟ ಬೀರಿದಳು. ಅವರು ದೂರದಲ್ಲಿ ಬೆಂಚಿನ ಮೇಲೆ ಕುಳಿತು ಯಾರಿಗೋ ಏನೋ ವಿವರಿಸುತ್ತಿದ್ದರು. “ಏನೋ ಕೇಳಿಸಿತ್ತು. ಡ್ಯೂಟಿ ಮುಗಿಸಿ ಬರ್ತಾ ಇದ್ದೆ. ಆದ್ರೆ ಯಜಮಾನರಿಗೇ ಕೇಳಿಸಿಲ್ಲ ಅಂದ್ಮೇಲೆ ನನ್ನದು ಯಾವ ದೊಡ್ಡ ಕಿವಿ ಅಕ್ಕ? ನಿದ್ದೆಗಣ್ಣಲ್ಲಿ ಏನೋ ಅಂದ್ಕೊಂಡು ಸುಮ್ಮನಾದೆ.”

“ಹೋದ ವರ್ಷ?”

“ಹೋದ ವರ್ಷಾನೂ ಹಂಗೇ.”

ಪಕ್ಕದಲ್ಲಿ ದುರ್ಬೀನಿನ ಗಾಜು ಒರೆಸುತ್ತಿದ್ದ ಬೇಕರಿಯವನು ಕಿವಿ ಇತ್ತಲೇ ಇಟ್ಟಿದ್ದ. “ನಾನಂತೂ ಧೈರ್ಯ ಮಾಡಿ ಕಳಿಸಿದ್ದೆ. ನೀವೇ ‘ಅನುಮಾನ’ ಅಂತ ಬದಿಗಿಟ್ರಿ. ಬೆಳಗಿನ ಜಾವ ಒಲೆ ಮುಂದೆ ನಿಂತು ನಿನಗೆ ತಲೆ ಕೆಟ್ಟಿದೆ ಅಂತ ನನ್ನ ಹೆಂಡತಿನೂ ಅಂದ್ಲು. ಇಬ್ಬರು ಹೆಂಗಸರು ಒಂದೇ ಮಾತು ಹೇಳಿದ್ಮೇಲೆ ಒಪ್ಪಿಕೊಳ್ಳದೆ ಏನ್ಮಾಡ್ಲಿ?”

ಅವಳಿಗೆ ನಗಲಾಗಲಿಲ್ಲ. ಬದಿಗಿಟ್ಟದ್ದು ನಿಜ. ಮಾವ ಇನ್ನೂ ಕೇಳಿಲ್ಲ ಎಂಬುದೊಂದೇ ಅದಕ್ಕೆ ಕಾರಣ.

ಅಷ್ಟರಲ್ಲಿ ಬೆಂಚಿನ ಕಡೆಯಿಂದ ಮಾವನ ದನಿ ಬಂತು. “ಶ್! ಕೆಂಬೂತ. ಕೆರೆಯ ಆಚೆ ದಡದಲ್ಲಿ.” ಎಲ್ಲರೂ ಉಸಿರು ಬಿಗಿಹಿಡಿದರು. ಆಮೇಲಷ್ಟೇ ಉಳಿದವರಿಗೂ ಕೇಳಿಸಿತು: ಬಹಳ ದೂರದ, ಕೊಡದೊಳಗಿನಿಂದ ಬಂದಂತಿದ್ದ ತಗ್ಗಿದ ‘ಊಪ್ ಊಪ್’. “ನೋಡಿ, ಏನು ಕಿವಿ!” ಎಂದ ಬೇಕರಿಯವನು.

ಅವಳಿಗೆ ಅರ್ಥವಾದದ್ದು ಆಗ. ವಯಸ್ಸು ಕಿವಿಯನ್ನು ಒಟ್ಟಿಗೆ ಮುಚ್ಚುವುದಿಲ್ಲ. ಮೊದಲು ಚೂಪು ದನಿಗಳು ಹೋಗುತ್ತವೆ; ತಗ್ಗಿನವು ಉಳಿಯುತ್ತವೆ. ಯಂತ್ರದ ಗಡಗಡ, ಕೆಂಬೂತದ ಊಪ್, ಮನೆಯವರ ಮಾತು ಎಲ್ಲ ಕೇಳುವ ಮನುಷ್ಯನಿಗೆ ತನ್ನ ಕಿವಿಯಿಂದ ಏನು ಹೋಗಿದೆ ಎಂದು ತಿಳಿಯುವುದು ಹೇಗೆ? ಉಲಿಯಕ್ಕಿಗಳು ಬಂದು, ಅವುಗಳ ಸಂಖ್ಯೆ ಹೆಚ್ಚಿ, ಯಾವುದೋ ಒಂದು ತೀರಾ ಹತ್ತಿರ ಬಂದು ಕೂಗಿದಾಗ ಮಾವನಿಗೆ ಕೇಳಿಸುತ್ತಿತ್ತು. ಪ್ರತಿ ವರ್ಷ ಅದು ಇನ್ನಷ್ಟು ಹತ್ತಿರ ಬರಬೇಕಾಗುತ್ತಿತ್ತು. ಮಾವ ಹೇಳುವ ತನಕ ಊರೆಲ್ಲ ಬಾಯಿ ಮುಚ್ಚಿಕೊಂಡಿತ್ತು. ಇಷ್ಟು ವರ್ಷ ವರದಿ ಅಳೆದದ್ದು ಹಕ್ಕಿಯನ್ನಲ್ಲ, ಮಾವನ ಕಿವಿಯನ್ನು.

“ಅಪ್ಪನಿಗೆ ಹೇಳೋದು ಬೇಡ,” ಎಂದ ಗಂಡ, ಆ ಸಂಜೆ ಅವಳ ಮಾತೆಲ್ಲ ಕೇಳಿ, ಪಾತ್ರೆ ಒರೆಸುತ್ತ. “ತಪ್ಪು ತಾರೀಖು ಬರೆದ್ರೆ ಹಕ್ಕಿಗೇನೂ ಬೇಜಾರಾಗಲ್ಲ. ಅಪ್ಪನಿಗೆ ಆಗುತ್ತೆ.”

“ಮರ ಕಡಿದಿದ್ದಕ್ಕೆ ತಡ ಆಯ್ತು ಅಂತ ಬರೀತಾರೆ.”

“ಕಡಿದಿದ್ದು ಸುಳ್ಳಾ? ಕಡಿದವರು ಬೈಸಿಕೊಳ್ಳಲಿ ಬಿಡು.”

“ಮಾಡಿದ ತಪ್ಪಿಗೆ ಬೈಸಿಕೊಳ್ಳಲಿ. ಮಾಡದೇ ಇರೋದಕ್ಕೆ ಬೇಡ.” ಅವಳು ಒಂದು ಲೋಟವನ್ನು ಅಗತ್ಯಕ್ಕಿಂತ ಹೆಚ್ಚು ಉಜ್ಜಿದಳು. “ನರ್ಸಮ್ಮನ ತಾರೀಖು ಹಾಕಿ ಸುಮ್ಮನೆ ಕಳಿಸಿಬಿಡಬಹುದು. ಆದ್ರೆ ವರದಿ ಬಂದ ದಿನ ಮಾವ ಮೊದಲು ಓದೋದೇ ಆ ಸಾಲು. ಅಚ್ಚಿನಲ್ಲಿ ನೋಡಿ ತಿಳ್ಕೊಳ್ಳೋದು ಚೆನ್ನಾಗಿರುತ್ತಾ?”

ಕೆಳಗೆ ಅಂಗಡಿಯಲ್ಲಿ ಚಕ್ರವೊಂದು ನಿಧಾನವಾಗಿ ತಿರುಗಿ ನಿಂತ ಸದ್ದು ಕೇಳಿಸಿತು.

ಮರುದಿನ ಅವಳು ಮಾವನ ಜೊತೆ ಉದ್ಯಾನಕ್ಕೆ ಹೊರಟಳು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದಳು, ಒಂದೂ ಸರಿಹೋಗಲಿಲ್ಲ. ಕೊನೆಗೆ ಅದರ ಅಗತ್ಯವೇ ಬೀಳಲಿಲ್ಲ. ಬೆಂಚಿನ ಮೇಲಿನ ಮರದಿಂದ ಉಲಿಯಕ್ಕಿ ಕೂಗಿತು, ಅವಳ ಕತ್ತು ತಾನಾಗಿ ಮೇಲಕ್ಕೆ ಹೊರಳಿತು. ಮಾವ ಅದನ್ನು ಗಮನಿಸಿದರು.

“ಏನಮ್ಮ?”

“ಉಲಿಯಕ್ಕಿ, ಮಾವ.”

“ಎಲ್ಲಿ? ಯಾವಾಗ ಕೂಗ್ತು?”

“ಇಲ್ಲೇ. ಕೂಗ್ತಾನೇ ಇದೆ.”

ಮಾವ ಕಿವಿ ಮುಚ್ಚಿದ್ದ ಟೋಪಿ ತೆಗೆದರು. ತಲೆ ವಾಲಿಸಿದರು. ಅಂಗಡಿಯಲ್ಲಿ ಯಂತ್ರದ ಮುಂದೆ ನಿಲ್ಲುವ ಹಾಗೆಯೇ ನಿಂತರು. ಆಮೇಲೆ ದುರ್ಬೀನು ಎತ್ತಿ ಕೊಂಬೆ ಕೊಂಬೆ ಹುಡುಕಿದರು. ಹಕ್ಕಿ ಸಿಕ್ಕಿತು.

“ನನ್ನ ಭುಜದ ಮೇಲೆ ಕೈಯಿಡು. ಅದು ಕೂಗಿದಾಗೆಲ್ಲ ತಟ್ಟು.”

ಅವಳು ತಟ್ಟಿದಳು. ಕೊಕ್ಕು ತೆರೆಯಿತು. ಮತ್ತೆ ತಟ್ಟಿದಳು, ಮತ್ತೆ ತೆರೆಯಿತು. ಮಾವ ದುರ್ಬೀನು ಇಳಿಸಲಿಲ್ಲ. ಒಂದೊಂದು ತಟ್ಟಿಗೂ ಕೊಕ್ಕು ಸರಿಯಾಗಿ ತೆರೆಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಸಾಕು ಎನ್ನುವಷ್ಟು ಆದ ಮೇಲೂ ಅವರು ನೋಡುತ್ತಲೇ ಇದ್ದರು. ಹಕ್ಕಿ ಹಾರಿಹೋದ ಮೇಲೆ ಟೋಪಿ ಹಾಕಿಕೊಂಡು, “ನಡಿ, ಅಂಗಡಿ ತೆಗೀಬೇಕು,” ಎಂದರು.

ಸಂಜೆ ಅವಳು ಟೀ ಹಿಡಿದು ಕೆಳಗಿಳಿದಾಗ ಅವರು ಯಂತ್ರವೊಂದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದರು.

“ಎಷ್ಟು ವರ್ಷದಿಂದ ಹಿಂಗೆ?”

ಅವಳು ಎಲ್ಲವನ್ನೂ ಹೇಳಿದಳು: ಕಚೇರಿಯ ಫೋನು, ನರ್ಸಮ್ಮನ ನಿದ್ದೆಗಣ್ಣು, ಬೇಕರಿಯವನ ಧೈರ್ಯ. ಕಿವಿಯ ಸಂಗತಿಯನ್ನು ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಬಳಗದವರು ಕಾದು ಕುಳಿತದ್ದನ್ನು ಕೇಳಿ ಮಾತ್ರ ಎಣ್ಣೆಡಬ್ಬಿಯನ್ನು ಟಪ್ಪೆಂದು ಇಟ್ಟರು.

“ನನಗೆ ಕೇಳಿಸದಿದ್ರೆ ಹಕ್ಕಿ ಬಂದೇ ಇಲ್ವಾ? ನಾನೇನು ಅದಕ್ಕೆ ಟಿಕೆಟ್ ಹರಿದು ಒಳಗೆ ಬಿಡ್ತೀನಾ? ಇವರಿಗೆಲ್ಲ ಕಲಿಸಿದ್ದು ದಂಡ! ಕಿವಿ ಕೊಟ್ಟು ಕೇಳಿ ಅಂದ್ರೆ, ನನ್ನ ಕಿವಿನೇ ತಗೊಂಡು ಕೂತಿದ್ದಾರೆ!” ಉಸಿರು ತೆಗೆದುಕೊಂಡು ಮೆಲ್ಲಗೆ ಕೇಳಿದರು: “ನೀನೂ ಹಂಗೇನಾ?”

“ನಾನೂ ಹಂಗೇ, ಮಾವ.”

ಅದು ಅವರಿಗೆ ಹೆಚ್ಚು ನೋವು ತಂದಿತು ಎಂದು ಅವಳಿಗೆ ಗೊತ್ತಾಯಿತು. ಟೀ ಆರಿತು. ಮಾವ ಮೇಜಿನ ಡ್ರಾಯರು ಎಳೆದು, ಯಂತ್ರಗಳಿಗೆ ಕಟ್ಟುವ ದಾರದ ಚೀಟಿಯೊಂದನ್ನು ತೆಗೆದು ಅವಳ ಮುಂದಿಟ್ಟರು.

“ಇಲ್ಲಿಗೆ ಬಂದ ಯಂತ್ರ ಒಂದಾದ್ರೂ ಚೀಟಿ ಇಲ್ಲದೆ ಇದೆಯಾ? ನನಗೂ ಒಂದು ಕಟ್ಟು. ಚೂಪು ದನಿ ಕೇಳೋ ಭಾಗ ಸವೆದಿದೆ, ಇವರ ತಾರೀಖನ್ನ ಹಕ್ಕಿ ಬಂದ ತಾರೀಖು ಅಂತ ಓದಬೇಡಿ. ಹಂಗೆ ಬರಿ.”

“ಯಾವ ವರ್ಷದಿಂದ ಅಂತ ಬರೀಲಿ?”

“ಸವೆತಕ್ಕೆ ತಾರೀಖಿರುತ್ತಾ? ಗೊತ್ತಿಲ್ಲ ಅಂತ್ಲೇ ಬರಿ.”

“ಹೆಸರು ಹಾಕಲ್ಲ, ಮಾವ.”

ಮಾವ ಸ್ವಲ್ಪ ಹೊತ್ತು ಚಕ್ರದ ಮೇಲೆ ಬೆರಳಾಡಿಸಿದರು. “ಹಾಕು. ಇಲ್ಲದಿದ್ರೆ ಎಲ್ಲರ ಕಿವಿ ಮೇಲೂ ಅನುಮಾನ ಬರುತ್ತೆ.” ಆಮೇಲೆ, “ಕೆಂಬೂತಕ್ಕೆ ಏನೂ ಆಗಿಲ್ಲ ಅಂತಾನೂ ಬರಿ,” ಎಂದರು.

ಬರೆದಳು. ಬೇಕರಿಯವನ ಹಳೆಯ ವರದಿಗಳನ್ನೂ ಬದಿಯಿಂದ ತೆಗೆದು ಅವುಗಳ ಜಾಗಕ್ಕೆ ಸೇರಿಸಿದಳು. ಸಂಶೋಧಕಿ ಮರಗಳ ಮಾತನ್ನು ಕೈಬಿಟ್ಟಳು. ಗಂಡ ಮಾವನನ್ನು ಬಲವಂತದಿಂದ ಕರೆದೊಯ್ದು ಕಿವಿಗೆ ಯಂತ್ರ ಹಾಕಿಸಿದ. ಅದರಲ್ಲಿ ಹಾರ್ನು, ಬಾಗಿಲು, ಚಮಚ ಎಲ್ಲ ಕೇಳಿಸಿತು, ಉಲಿಯಕ್ಕಿ ಕೇಳಿಸಲಿಲ್ಲ. “ಇದಕ್ಕಿಂತ ನಿನ್ನ ಗೊರಕೆ ವಾಸಿ,” ಎಂದು ಮಾವ ಮಗನಿಗೆ ಹೇಳಿದರು. ಉದ್ಯಾನಕ್ಕೆ ಹೋಗುವುದನ್ನೂ ಬಿಟ್ಟರು. ಮಂಡಿನೋವು ಎಂದರು.

ಮುಂದಿನ ಚಳಿಗಾಲದ ಹೊಸ್ತಿಲಲ್ಲಿ ಒಂದು ಬೆಳಗ್ಗೆ ನರ್ಸಮ್ಮನ ಫೋನು. “ಅಕ್ಕ, ಉಲಿಯಕ್ಕಿ! ನಿಜವಾಗ್ಲೂ! ಯಜಮಾನರನ್ನ ಒಂದು ಮಾತು ಕೇಳಿ ಆಮೇಲೆ ಕಳಿಸ್ಲಾ?”

ಫೋನಿನ ದನಿ ಜೋರಾಗಿತ್ತು. ತಿಂಡಿ ತಿನ್ನುತ್ತಿದ್ದ ಮಾವನೇ ಉತ್ತರಿಸಿದರು. “ಕೇಳಿದ್ರೆ ಕಾಲು ಮುರೀತೀನಿ ಅಂತ ಹೇಳು!”

ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದು, ಮೊಳೆಯಿಂದ ಟೋಪಿ ತೆಗೆದುಕೊಂಡರು. ಮಂಡಿ ಏನಾಯಿತು ಎಂದು ಯಾರೂ ಕೇಳಲಿಲ್ಲ. ಅವಳೂ ಚಪ್ಪಲಿ ಮೆಟ್ಟಿದಳು.

ಆ ವರ್ಷದ ವರದಿಯಲ್ಲಿ ಮೊದಲ ಸಾಲು ನರ್ಸಮ್ಮನದು. ಮಾವನ ಸಾಲು ಕೆಳಗೆಲ್ಲೋ ಇದೆ: ‘ಕಂಡೆ, ಕೇಳಲಿಲ್ಲ.’ ಅದಕ್ಕಾಗಿ ಅವರು ಬೆಂಚಿನ ಪಕ್ಕ ಕತ್ತೆತ್ತಿ ನಿಂತಿದ್ದರು, ಗಾಳಿಯಿಲ್ಲದೆ ಅಲ್ಲಾಡುವ ಎಲೆಗಾಗಿ ಹುಡುಕುತ್ತ. ಹಿಂದೆ ನಿಂತು ಅವಳು ಭುಜ ತಟ್ಟುತ್ತಿದ್ದಳು.

“ಮೆಲ್ಲಗೆ ತಟ್ಟಮ್ಮ,” ಎಂದರು ಮಾವ, ದುರ್ಬೀನು ಇಳಿಸದೆ. “ಉಲಿಯಕ್ಕಿ ಅದು, ಮರಕುಟಿಗ ಅಲ್ಲ.”